ಟವಲ್ ಹಾಕಿದ ನೆರಳು

ನನ್ನ ತಂಗಿಯ ಮೊಮ್ಮಗಳು ಕಾವ್ಯ ಹೋದ ತಿಂಗಳು ಕೆಲಸಕ್ಕೆ ಸೇರಿದಳು. ಎತ್ತರದಿಂದ ಜಾರಿ ನೀರಿಗೆ ಬೀಳುವುದಕ್ಕೆ ಜನ ದುಡ್ಡು ಕೊಟ್ಟು ಹೋಗುತ್ತಾರಲ್ಲ, ಅಂಥದೊಂದು ದೊಡ್ಡ ಪಾರ್ಕು. "ಅಲ್ಲಿ ನಿನ್ನ ಕೆಲ್ಸ ಏನೇ?" ಅಂತ ಕೇಳಿದೆ. "ಕಬಾನಾ ನೋಡ್ಕೊಳ್ಳೋದು ಅಜ್ಜಿ," ಅಂದಳು. ಅದೇನು ತಿನ್ನುವುದೋ ಉಡುವುದೋ ತಿಳಿಯಲಿಲ್ಲ. ಫೋನಿನಲ್ಲಿ ಚಿತ್ರ ತೋರಿಸಿದಳು. ನಾಲ್ಕು ಕಂಬ, ಮೇಲೊಂದು ಬಟ್ಟೆ, ಒಳಗೆ ಒರಗಿಕೊಳ್ಳುವ ಕುರ್ಚಿ. ಸುತ್ತ ಜಾತ್ರೆಯಂಥ ಜನ. ಒಳಗೆ ಮಾತ್ರ ಮುಂಚೆಯೇ ದುಡ್ಡು ಕಟ್ಟಿದವರು ಕಾಲು ಚಾಚಿ ಮಲಗಿದ್ದಾರೆ.

ನನಗೆ ನಗು ತಡೆಯಲಾಗಲಿಲ್ಲ. ಇದೇ ಕೆಲಸದಲ್ಲಿ ನನ್ನ ತಲೆಗೂದಲು ಬೆಳ್ಳಗಾದದ್ದು. ನಮ್ಮ ಕಾಲದಲ್ಲಿ ಅದಕ್ಕೆ ಗುಡ್ಲು ಅನ್ನುತ್ತಿದ್ದರು, ಅಷ್ಟೇ. "ಟ್ರೈನಿಂಗ್‌ನಲ್ಲಿ ಏನೇನೋ ಹೇಳ್ಕೊಟ್ರು ಅಜ್ಜಿ, ನಿಜವಾಗ್ಲೂ ಹೇಗಿರುತ್ತೆ ಅಂತ ನೀನು ಹೇಳು," ಅಂದಳು. ಹೇಳುತ್ತಾ ಕೂತರೆ ಅವಳಿಗೆ ಡ್ಯೂಟಿಗೆ ಹೊತ್ತಾಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಯಾವಾಗ ಸಂಬಳ ಏರಿತು, ಯಾವಾಗ ನನ್ನನ್ನು ಮೇಲಿನ ಕುರ್ಚಿಗೆ ಹತ್ತಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ಅದು ನನಗೇ ಬೇಜಾರಿನ ವಿಷಯ.

ನೆಲಮಂಗಲ ದಾಟಿ ದಾಬಸ್‌ಪೇಟೆ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಬ್ಬ ಮಂಡಿ ಸಾಹುಕಾರರ ಮಾವಿನ ತೋಪಿತ್ತು. ಅವರು ಬೊಂಬಾಯಿಗೆ ಹೋಗಿದ್ದಾಗ ಯಾವುದೋ ವಸ್ತುಪ್ರದರ್ಶನದಲ್ಲಿ ತಿರುಗುವ ತೊಟ್ಟಿಲು, ದೋಣಿ, ಕುದುರೆ ಸವಾರಿ ಎಲ್ಲ ನೋಡಿ ತಲೆ ಕೆಡಿಸಿಕೊಂಡು ಬಂದರು. ಮಾವಿನ ಕಾಯಿ ಮಾರಿ ಬರುವ ಲಾಭಕ್ಕಿಂತ ಮಾವಿನ ಕೊಂಬೆಗೆ ಉಯ್ಯಾಲೆ ಕಟ್ಟಿದರೆ ಲಾಭ ಹೆಚ್ಚು ಅಂತ ಅವರಿಗೆ ಹೊಳೆದುಬಿಟ್ಟಿತು. ಕಟ್ಟಿಸಿದರು. ಕೈಯಲ್ಲಿ ತಿರುಗಿಸುವ ತೊಟ್ಟಿಲು, ತೋಪಿನ ಕುಂಟೆಯ ನೀರಿನಲ್ಲಿ ಒಂದು ದೋಣಿ, ಒಂದು ಸೋಮಾರಿ ಕುದುರೆ. ಜನರ ಬಾಯಲ್ಲಿ ಅದು ಉಯ್ಯಾಲೆ ತೋಪು ಆಯಿತು. ಬೆಂಗಳೂರಿನ ಫ್ಯಾಕ್ಟರಿಗಳವರು ಭಾನುವಾರ ಬಸ್ಸು ಮಾಡಿಕೊಂಡು ಹೆಂಡತಿ ಮಕ್ಕಳ ಸಮೇತ ಬರುತ್ತಿದ್ದರು. ಶಿವಗಂಗೆ ಬೆಟ್ಟ ಹತ್ತಿ ಇಳಿದವರು ತೊಡೆ ನಡುಗಿಸುತ್ತಾ ಬಂದು, ಆಟ ಗೀಟ ಏನೂ ಬೇಡ, ಮಲಗುವುದಕ್ಕೆ ಜಾಗ ಎಲ್ಲಿ ಅಂತ ಕೇಳುತ್ತಿದ್ದರು.

ಅಲ್ಲೇ ಸಾಹುಕಾರರಿಗೆ ಎರಡನೆಯ ಬಾರಿ ಹೊಳೆದದ್ದು. ತೋಪಿನ ತುದಿಯಲ್ಲಿ ಹುಲ್ಲಿನ ಗುಡ್ಲುಗಳನ್ನು ಸಾಲಾಗಿ ಕಟ್ಟಿಸಿದರು. ನೆಲಕ್ಕೆ ಸಗಣಿ ಸಾರಿಸಿ ಚಾಪೆ, ಮೂಲೆಯಲ್ಲಿ ಮಣ್ಣಿನ ಹೂಜಿ, ಬಾಗಿಲಿಗೆ ಬಿದಿರಿನ ತಡಿಕೆ. ಮುಂಚೆ ದುಡ್ಡು ಕಟ್ಟಿದವರಿಗೆ ದಿನವಿಡೀ ಆ ನೆರಳು ಅವರದೇ. ಒಳಗೆ ಬಾಣಂತಿಯರು, ಮಗುವಿಗೆ ಹಾಲು ಕೊಡುವವರು ಇರುತ್ತಾರೆ, ತಡಿಕೆ ಸರಿಸಿ ಇಣುಕುವ ಕೆಲಸ ಗಂಡಸರಿಂದ ಆಗದು ಅಂತ ಒಬ್ಬ ಹೆಂಗಸನ್ನು ಹುಡುಕಿದರು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ರಾಗಿ ಬೀಸುತ್ತಿದ್ದ ನಾನು ಸಿಕ್ಕಿದೆ. "ನೆರಳು ಕಾಯೋಕೂ ಸಂಬಳ ಕೊಡ್ತಾರೇನವ್ವಾ? ಹೋಗು, ಮೈ ಕೈ ನೋಯದ ಕೆಲ್ಸ," ಅಂದರು ನಮ್ಮಪ್ಪ. ಪಾಪ, ನೆರಳು ಕಾಯುವವಳು ನಿಲ್ಲುವುದು ಬಿಸಿಲಲ್ಲಿ ಅಂತ ಅವರಿಗೆ ಗೊತ್ತಿರಲಿಲ್ಲ.

ನಮ್ಮ ಮ್ಯಾನೇಜರು ಕೃಷ್ಣೋಜಿರಾಯರು. ಮಿಲಿಟರಿಯಲ್ಲಿ ಗುಮಾಸ್ತರಾಗಿದ್ದು ಬಂದವರು. ಬೋರ್ಡು ಬರೆಸಿಬಿಟ್ಟರೆ ಲೋಕದ ಕಷ್ಟವೆಲ್ಲ ತೀರಿತು ಎಂಬುದು ಅವರ ನಂಬಿಕೆ. ಗುಡ್ಲು ಅಂದರೆ ಅವರಿಗೆ ಸಿಟ್ಟು. "ವಿಶ್ರಾಂತಿ ಕುಟೀರ ಅನ್ನಬೇಕಮ್ಮಾ ಸರೋಜ," ಅನ್ನುತ್ತಿದ್ದರು. ಒಂದೊಂದು ಗುಡ್ಲಿನ ಮುಂದೆ 'ಕಾದಿರಿಸಲಾಗಿದೆ' ಅಂತ ಹಲಗೆ ನಿಲ್ಲಿಸಿದರು. ಮೊದಲ ಭಾನುವಾರವೇ ಒಂದು ಕುಟುಂಬ ಆ ಹಲಗೆಯನ್ನು ಮಲಗಿಸಿಕೊಂಡು ಅದರ ಮೇಲೆ ಹಲಸಿನ ಹಣ್ಣು ಹೆಚ್ಚುತ್ತಾ ಕೂತಿತ್ತು. ರಾಯರು ಓಡಿ ಬಂದರು. ಆ ಮನೆಯ ಯಜಮಾನ, "ಮಣೆ ಕೊಟ್ಟಿದ್ದು ಒಳ್ಳೇದಾಯ್ತು ಸ್ವಾಮಿ, ಒಂದು ತೊಳೆ ತಗೊಳ್ಳಿ," ಅಂತ ಕೈಗೆ ಇಟ್ಟೇಬಿಟ್ಟ. ರಾಯರು ಬೈಯುವುದಕ್ಕೆ ಬಾಯಿ ತೆರೆದವರು ತೊಳೆ ತಿನ್ನುತ್ತಾ ವಾಪಸು ಬಂದರು.

ಆಮೇಲೆ ಸುತ್ತ ಹಗ್ಗ ಕಟ್ಟಿಸಿದರು. ಕುಂಟೆಯಲ್ಲಿ ನೆಂದ ಮಕ್ಕಳ ಚಡ್ಡಿ, ಅಂಗಿ ಒಣಹಾಕಲು ಅದು ಬಹಳ ಅನುಕೂಲವಾಯಿತು. ಹೊರಗಿನವರು ಬಂದು ಗುಡ್ಲಿನಲ್ಲಿ ಕೂತರೆ, ದುಡ್ಡು ಕಟ್ಟಿದವರು ಬಂದು ಜಗಳಕ್ಕೆ ನಿಲ್ಲುವುದು, ನಾನು ನಡುವೆ ನಿಂತು ಎರಡೂ ಕಡೆಯಿಂದ ಬೈಗುಳ ತಿನ್ನುವುದು, ಇದೇ ದಿನಚರಿ.

ಒಂದು ಸಂಜೆ ನೆಲಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಬಸ್ಸು ಬಂತು. ಜನ ಕಿಟಕಿಯಿಂದ ಒಳಗೆ ಟವಲ್ ಎಸೆದರು. ಆಮೇಲೆ ತಳ್ಳಾಡಿ, ಗುದ್ದಾಡಿ ಹತ್ತಿದರು. ಒಳಗೆ ಹೋದವರು ಬೇರೆಯವರ ಟವಲ್ ಬಿದ್ದ ಸೀಟಿನ ಹತ್ತಿರವೂ ಸುಳಿಯಲಿಲ್ಲ. ಬಾಗಿಲಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುವ ಜನ, ಯಾರದೋ ಹರಕು ಟವಲಿಗೆ ಇಷ್ಟು ಮರ್ಯಾದೆ ಕೊಡುತ್ತಾರಲ್ಲ! ಮಾರನೆಯ ದಿನ ರಾಯರಿಗೆ ಹೇಳಿದೆ. ಅವರಿಗೆ ಮೊದಲು ಅವಮಾನವಾದಂತಾಯಿತು. ಆದರೂ ಒಂದು ಭಾನುವಾರ ಹಲಗೆ ಕಿತ್ತು ಬಾಗಿಲಿಗೆ ಟವಲ್ ನೇತುಹಾಕಿಸಿದರು. ಸುಳಿವಿಲ್ಲ, ಸದ್ದಿಲ್ಲ, ಒಬ್ಬರೂ ಒಳಗೆ ಕಾಲಿಡಲಿಲ್ಲ.

ಖುಷಿ ಪಡುವಷ್ಟರಲ್ಲಿ ಜನ ನಮಗಿಂತ ಬುದ್ಧಿವಂತರಾದರು. ಬೆಳಿಗ್ಗೆ ಗೇಟು ತೆಗೆದ ಕೂಡಲೇ ಓಡಿ ಬಂದು ತಮ್ಮ ತಮ್ಮ ಟವಲನ್ನೇ ಗುಡ್ಲಿನೊಳಗೆ ಎಸೆಯತೊಡಗಿದರು. ಒಂದು ಗುಡ್ಲಿನಲ್ಲಂತೂ ಅಗಸರ ಮನೆಯ ಹಾಗೆ ರಾಶಿ ಬಿದ್ದಿತ್ತು. ಆಗ ದೊಡ್ಡಬಳ್ಳಾಪುರದ ಮಗ್ಗದವರಿಗೆ ಹೇಳಿ ಹಳದಿ ಅಂಚಿನ ಟವಲ್‌ಗಳನ್ನೇ ನೇಯಿಸಿದೆವು. ದುಡ್ಡು ಕಟ್ಟಿದವರ ಕೈಗೆ ಅದನ್ನು ಕೊಡುವುದು. ಅವರೇ ಹೋಗಿ ಬಾಗಿಲಿಗೆ ಹಾಕಬೇಕು. ಹಾಕಿದವರೇ ತೆಗೆಯಬೇಕು. ಅಲ್ಲಿಯತನಕ ಸಾಹುಕಾರರೇ ಬಂದರೂ ಒಳಗೆ ಹೋಗುವ ಹಾಗಿಲ್ಲ. ಈ ಕೊನೆಯ ಮಾತು ರಾಯರೇ ಸೇರಿಸಿದ್ದು. ಬಂದವರಿಗೆಲ್ಲ ಎದೆಯುಬ್ಬಿಸಿ ಅದನ್ನು ಹೇಳುತ್ತಿದ್ದರು.

ದುಡ್ಡು ಕೊಟ್ಟ ನೆರಳಿನೊಂದಿಗೆ ಮನುಷ್ಯ ಹೇಗೆ ವರ್ತಿಸುತ್ತಾನೆ ಎಂಬುದನ್ನು ಕಾವ್ಯಾ, ನೀನು ಕಾಲ ಕಳೆದ ಹಾಗೆ ನೋಡುತ್ತೀಯ. ಹೊಸಕೋಟೆಯ ತರಕಾರಿ ವ್ಯಾಪಾರಿಯೊಬ್ಬರು ಗುಡ್ಲು ಹಿಡಿದು, ಬೇರೆಯವರು ನುಗ್ಗಿಬಿಟ್ಟಾರೆಂದು ಬಾಗಿಲ ಮುಂದೆ ಉರಿಬಿಸಿಲಲ್ಲಿ ಕೊಡೆ ಹಿಡಿದು ಕೂತೇ ದಿನ ಕಳೆದರು. ಒಳಗೆ ಒಂದು ಸಲವೂ ಹೋಗಲಿಲ್ಲ. ಸಂಜೆ ಹೊರಡುವಾಗ "ಜಾಗ ಬಾಳಾ ತಂಪಾಗಿದೆ," ಅಂತ ಹೊಗಳಿದರು. ಇನ್ನೊಂದು ಸಲ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಬೀದಿಯವರ ಕಣ್ಣು ತಪ್ಪಿಸಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಅಕ್ಕಪಕ್ಕದ ಗುಡ್ಲು ಹಿಡಿದರು. ಹಿರಿಯರು ಮಾತುಕತೆಯಲ್ಲಿ ಮುಳುಗಿದ್ದಾಗ ಹುಡುಗ ಹುಡುಗಿ ದೋಣಿಯಲ್ಲಿದ್ದರು. ಒಪ್ಪಿಗೆ ಕೇಳುವುದಕ್ಕೆ ಹುಡುಕಿದರೆ ಒಪ್ಪಿಗೆ ಆಗಲೇ ಕುಂಟೆಯ ನಡುವೆ ಕಡಲೆಕಾಯಿ ತಿನ್ನುತ್ತಿತ್ತು.

ರಾಯರು ಒಮ್ಮೆ ಹುಲ್ಲು ಕಿತ್ತು ತಗಡು ಹೊದಿಸಿದರು. ಅದು ನಾಗರಿಕತೆ ಅಂತೆ. ಬೇಸಿಗೆಯಲ್ಲಿ ಒಳಗೆ ಕೂತವರು ಇಡ್ಲಿಯ ಹಾಗೆ ಬೆಂದು ಹೊರಗೆ ಓಡಿ ಬಂದರು. ಕೊನೆಗೆ ಆ ತಗಡಿನ ಮೇಲೆ ನಮ್ಮ ಅಡಿಗೆಯವರು ಹಪ್ಪಳ ಒಣಗಿಸಿಕೊಂಡರು. ಮತ್ತೆ ಹುಲ್ಲೇ ಬಂತು.

ಇದೆಲ್ಲ ತಮಾಷೆ. ಈ ಕೆಲಸ ಯಾಕೆ ಅಂತ ನನಗೆ ನಿಜವಾಗಿ ತಿಳಿದದ್ದು ಜಯಮ್ಮನಿಂದ.

ಅವಳು ಮೊದಲು ಬಂದದ್ದು ಫ್ಯಾಕ್ಟರಿಯವರ ಪಿಕ್ನಿಕ್ಕಿನಲ್ಲಿ. ಗಂಡ ಅಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದ. ಹೆಚ್ಚುಕಮ್ಮಿ ನನ್ನದೇ ವಯಸ್ಸು. ಕಣ್ಣ ಕೆಳಗೆ ಕಾಡಿಗೆ ಒರೆಸಿದ ಹಾಗೆ ಕಪ್ಪು. ಮಗುವಿನ ಲಂಗ ಬದಲಾಯಿಸುವುದಕ್ಕೆಂದು ಫ್ಯಾಕ್ಟರಿಯವರು ಹಿಡಿದಿದ್ದ ಒಂದು ಗುಡ್ಲಿಗೆ ಹೋದವಳು ಮಗುವನ್ನು ಹೊರಗೆ ಕಳಿಸಿ ಹಾಗೇ ಚಾಪೆಯ ಮೇಲೆ ಒರಗಿದಳು. ಮುಗಿಯಿತು. ಮ್ಯೂಸಿಕಲ್ ಛೇರ್ ಆಯಿತು, ಊಟ ಆಯಿತು, ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡದ್ದೂ ಆಯಿತು. ಅವಳಿಗೆ ಎಚ್ಚರವೇ ಇಲ್ಲ. ಬಸ್ಸು ಹೊರಡುವಾಗ ಹೆಂಗಸರೆಲ್ಲ ಸೇರಿ ಎಬ್ಬಿಸಿದರು. "ಮಲಗೋಕೆ ಬೆಂಗ್ಳೂರಿಂದ ಇಲ್ಲೀಗಂಟ ಬರ್ಬೇಕಿತ್ತೇನೇ?" ಅಂತ ನಕ್ಕರು. ಅವಳ ಮುಖ ಕೆಂಪಾಯಿತು.

ಹೂಜಿಯಿಂದ ಮುಖಕ್ಕೆ ನೀರು ಹಾಕಿಕೊಳ್ಳುತ್ತಾ ನನಗೊಬ್ಬಳಿಗೇ ಹೇಳಿದಳು: "ಅಕ್ಕಾ, ವಠಾರದಲ್ಲಿ ನಮ್ದು ಒಂದೇ ರೂಮು. ನಮ್ಮೋರು ನೈಟ್ ಶಿಫ್ಟ್ ಮುಗ್ಸಿ ಬಂದು ಹಗಲು ಮಲಗ್ತಾರೆ. ಅತ್ತೆ, ಮೈದ್ನ ರಾತ್ರಿ ಮಲಗ್ತಾರೆ. ಕೋಳಿ ಕೂಗೋಕ್ ಮುಂಚೆ ನಲ್ಲೀಲಿ ನೀರು ಬರುತ್ತೆ. ಎಲ್ರಿಗೂ ಶಿಫ್ಟು ಮುಗಿಯುತ್ತೆ ಕಣಕ್ಕ, ನನ್ ಶಿಫ್ಟು ಮುಗಿಯೋದೇ ಇಲ್ಲ."

ಸೆರಗಿನಲ್ಲಿ ಮುಖ ಒರೆಸಿಕೊಂಡು ಮುಂದುವರಿಸಿದಳು. "ಒಂದ್ ದಿನ ಬರೀ ಮಲಗೋಕೇ ಬರ್ತೀನಿ. ಬೇರೇನೂ ಬೇಡ. ಯಾರೂ ಏಳಿಸ್ಬಾರ್ದು, ಅಷ್ಟೆ."

"ಬಾ. ಯಾರೂ ಏಳಿಸ್ದಂಗೆ ನಾನ್ ನೋಡ್ಕೋತೀನಿ," ಅಂದೆ. ಮಾತು ಕೊಡುವುದು ಸುಲಭ ನೋಡು.

ಬಂದಳು. ಬಂದದ್ದು ಎಂಥ ದಿನ! ಯುಗಾದಿಯ ಮಾರನೆಯ ದಿನ, ವರ್ಷತೊಡಕು. ನಮ್ಮ ಸೀಮೆಯಲ್ಲಿ ಅವತ್ತು ಮನೆಮನೆಯಲ್ಲೂ ಬಾಡೂಟ. ಅವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದೇ ಮುಂದುವರಿಯುತ್ತದೆ ಅಂತ ನಂಬಿಕೆ. ಅದಕ್ಕೇ ಅವತ್ತು ಅಳುವುದಿಲ್ಲ, ಜಗಳ ಆಡುವುದಿಲ್ಲ. ಹೇಗಾದರೂ ಸಂತೋಷವಾಗಿರಬೇಕು ಅಂತ ತಪ್ಪಲೆ, ಮಸಾಲೆ, ಕೋಳಿ ಸಮೇತ ಅರ್ಧ ಬೆಂಗಳೂರು ನಮ್ಮ ತೋಪಿಗೆ ಇಳಿದಿತ್ತು. ಮರ ಮರದ ಬುಡದಲ್ಲೂ ಮೂರು ಕಲ್ಲಿನ ಒಲೆ, ಹೊಗೆ, ಟ್ರಾನ್ಸಿಸ್ಟರ್ ಹಾಡು. ಬಿಸಿಲೋ, ತಲೆ ಸೀಳುತ್ತಿತ್ತು.

ಜಯಮ್ಮನ ಜೊತೆ ಗಂಡ, ಮಕ್ಕಳು, ಅತ್ತೆ ನಂಜಮ್ಮ. ನಂಜಮ್ಮನವರದು ಗಟ್ಟಿ ದನಿ. ಗೇಟಿನಿಂದ ಗುಡ್ಲಿನವರೆಗೆ ಒಂದೇ ಸಮನೆ ಗೊಣಗುತ್ತಿದ್ದರು. "ವರ್ಷತೊಡಕಿನ ದಿನ ಹಗಲೊತ್ತು ಮಲಗೋದಾ? ವರ್ಷವೆಲ್ಲ ಮಲಗೇ ಇರ್ತಾಳೆ ಇವ್ಳು. ಒಲೆ ಉರಿಸೋರ್ಯಾರು?"

"ನಾನೇ ಬಾಡು ಬೇಯಿಸ್ತೀನಿ ಬಿಡಮ್ಮ," ಅಂದ ಮಗ. ಹೋದ ಸಲ ಫೋಟೋ ತಪ್ಪಿಹೋಗಿ ಹೆಂಡತಿ ಬಸ್ಸಿನಲ್ಲಿ ಅತ್ತದ್ದು ಅವನಿಗೆ ನೆನಪಿತ್ತಂತೆ. ನಾನು ಟವಲ್ ಕೊಡಲು ಕೈ ನೀಡಿದೆ. ಮನೆಗೆ ಹಿರಿಯಳು ತಾನಿರುವಾಗ ಸೊಸೆ ಹಾಕುವುದೇ ಅಂತ ನಂಜಮ್ಮ ಅದನ್ನು ಕಿತ್ತುಕೊಂಡು, ತಾವೇ ಬಾಗಿಲಿಗೆ ಹಾಕಿ, ಉಯ್ಯಾಲೆಯ ಕಡೆ ಮಕ್ಕಳ ಹಿಂದೆ ಹೋದರು. ಜಯಮ್ಮ ಒಳಗೆ ಹೋಗಿ ಸೆರಗು ಮುಖದ ಮೇಲೆ ಎಳೆದುಕೊಂಡಳು. ನಾನು ತಡಿಕೆ ಮುಚ್ಚುವಷ್ಟರಲ್ಲಿ ಉಸಿರು ಒಂದೇ ಸಮನೆ ಬರುತ್ತಿತ್ತು.

ಊಟದ ಹೊತ್ತಿಗೆ ರಾಯರು ಬೆವರು ಒರೆಸಿಕೊಳ್ಳುತ್ತಾ ಓಡಿ ಬಂದರು. ಕೈಯಲ್ಲಿ ತಿರುಗಿಸುವ ತೊಟ್ಟಿಲಿಗೆ ಕರೆಂಟು ಎಳೆಸುವುದು ಸಾಹುಕಾರರ ಆಗಿನ ಹುಚ್ಚು. ಅದಕ್ಕೆ ಸಹಿ ಹಾಕಬೇಕಾದ ಸಾಹೇಬರು ಹೇಳದೆ ಕೇಳದೆ ಕುಟುಂಬ ಸಮೇತ ಕಾರಿನಲ್ಲಿ ಬಂದು ಇಳಿದಿದ್ದರು. ಇಂಥವರಿಗೆಂದು ರಾಯರು ಯಾವಾಗಲೂ ಒಂದು ಗುಡ್ಲು ಖಾಲಿ ಇಡುತ್ತಿದ್ದರು. ಅವತ್ತು ಅದರಲ್ಲಿ ಅವರ ಸ್ವಂತ ಭಾವಮೈದುನನ ಸಂಸಾರ ಎಲೆಯಡಿಕೆ ಹಾಕುತ್ತಾ ಕೂತಿತ್ತು. ಅವರನ್ನು ಎಬ್ಬಿಸುವ ಧೈರ್ಯ ಮಿಲಿಟರಿ ನೋಡಿ ಬಂದ ರಾಯರಿಗೂ ಇರಲಿಲ್ಲ.

"ಮೂಲೆ ಕುಟೀರದಲ್ಲಿ ಒಬ್ಬಳೇ ತಾನೆ ಇರೋದು? ಎಬ್ಬಿಸಮ್ಮ ಅವಳನ್ನ," ಅಂದರು.

"ಆಗಲ್ಲ ಸಾರ್. ಹಾಕಿದವರೇ ತೆಗೀಬೇಕು ಅಂತ ನೀವೇ ಮಾಡಿದ ರೂಲ್ಸು."

"ರೂಲ್ಸು ನನಗೇ ಹೇಳಿಕೊಡ್ತೀಯೇನಮ್ಮ? ಸಹಿ ತಪ್ಪಿದರೆ ಸಾಹುಕಾರರು ಮೊದಲು ನನ್ನನ್ನ ಕಳಿಸ್ತಾರೆ, ಆಮೇಲೆ ನಿನ್ನನ್ನ. ನಾಳೆಯಿಂದ ರಾಗಿ ಬೀಸ್ಕೊಂಡಿರು."

ನಿಜ ಹೇಳುತ್ತೇನೆ, ಆ ಕೆಲಸ ಬಿಡುವ ಹಾಗಿರಲಿಲ್ಲ. ಆ ಸಂಬಳದಲ್ಲೇ ನನ್ನ ತಂಗಿ ಓದುತ್ತಿದ್ದಳು. ಆದರೂ ತಡಿಕೆಯ ಕಡೆ ಕೈ ಹೋಗಲಿಲ್ಲ. ಸುಮ್ಮನೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

ರಾಯರು ನನ್ನನ್ನು ಒಂದು ಗಳಿಗೆ ದುರುಗುಟ್ಟಿ ನೋಡಿದರು. ಆಮೇಲೆ ಏನೋ ಹೊಳೆದು, "ಟವಲ್ ಹಾಕಿದ್ದು ಯಾರು?" ಅಂತ ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವಳ ಅತ್ತೆ ಅಂದೆ. ರಾಯರ ಮುಖ ಅರಳಿತು. ಬೆಳಗಿನ ಗೊಣಗಾಟ ಅವರ ಕಿವಿಗೂ ಬಿದ್ದಿತ್ತು. ನೇರವಾಗಿ ಉಯ್ಯಾಲೆಯ ಕಡೆ ಹೋದರು. ಅಲ್ಲಿ ಕೈಮುಗಿದು ಅದೇನೋ ಹೇಳುವುದು ಕಾಣಿಸುತ್ತಿತ್ತು. ನಂಜಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಮೊಮ್ಮಗುವನ್ನು ಸೊಂಟದಿಂದ ಇಳಿಸಿ, ದಾಪುಗಾಲು ಹಾಕಿಕೊಂಡು ನಮ್ಮ ಕಡೆ ಬಂದರು. ಪಾಪದ ಹುಡುಗಿ, ಬೈಸಿಕೊಂಡು ಏಳುತ್ತಾಳೆ, ವರ್ಷವೆಲ್ಲ ಇವರ ಬಾಯಿಗೆ ಬೀಳುತ್ತಾಳೆ ಅಂದುಕೊಂಡೆ.

"ಈಚೆ ಸರಿಯವ್ವ," ಅಂತ ನನ್ನನ್ನು ಪಕ್ಕಕ್ಕೆ ತಳ್ಳಿದರು. ತಡಿಕೆಯನ್ನು ಬೆರಳಗಲ ಸರಿಸಿ ಒಳಗೆ ನೋಡಿದರು. ನೋಡುತ್ತಲೇ ಇದ್ದರು. ಸಾಹೇಬರು, ಅವರ ಮನೆಯವರು ಅಷ್ಟು ದೂರದಲ್ಲಿ ಛತ್ರಿಯಡಿ ನಿಂತಿದ್ದರು. ರಾಯರು ನಗುಮುಖದಿಂದ ಕಾಯುತ್ತಿದ್ದರು.

ನಂಜಮ್ಮ ತಡಿಕೆಯನ್ನು ಮತ್ತೆ ಮುಚ್ಚಿದರು. ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತು ಎರಡೂ ಕಾಲು ಚಾಚಿಕೊಂಡರು.

"ಟವಲ್ ಹಾಕಿದ್ದು ನಾನು. ತೆಗೆಯಲ್ಲ, ಹೋಗಪ್ಪಾ," ಅಂದರು. ಆ ಗಟ್ಟಿ ದನಿ ಈಗ ಪಿಸುಮಾತಾಗಿತ್ತು.

"ಅಮ್ಮಾ, ಈಗ ತಾನೆ ನೀವೇ..."

"ಮೆತ್ತಗೆ ಮಾತಾಡು. ಮದ್ವೆಯಾಗಿ ಬಂದಾಗಿನಿಂದ ಇವ್ಳು ಮಲಗಿರೋದ್ನ ನಾನು ಕಂಡೇ ಇಲ್ಲ ಕಣಪ್ಪ. ನಾನ್ ಏಳೋಕ್ ಮುಂಚೆ ಎದ್ದಿರ್ತಾಳೆ, ನಾನ್ ಮಲಗಿದ್ಮೇಲೆ ಮಲಗ್ತಾಳೆ. ನಿದ್ದೇಲಿ ಇವ್ಳ ಮುಖ ಹೆಂಗಿರುತ್ತೆ ಅಂತ ಇವತ್ತೇ ಗೊತ್ತಾಗಿದ್ದು. ಮಗೀನಂಗೆ ಬಾಯಿ ಬಿಟ್ಕೊಂಡವ್ಳೆ."

ರಾಯರು ಸಾಹೇಬರ ಕಡೆ ಒಮ್ಮೆ, ಇವರ ಕಡೆ ಒಮ್ಮೆ ನೋಡಿದರು. "ದೊಡ್ಡವರು ಬಂದಿದ್ದಾರಮ್ಮ..."

"ಬರ್ಲಿ. ಇವತ್ತು ವರ್ಷತೊಡಕು. ಇವತ್ತು ಏಳಿಸಿದ್ರೆ ವರ್ಷವೆಲ್ಲ ಇವ್ಳನ್ನ ಏಳಿಸ್ತಾನೇ ಇರ್ತಾರೆ. ಇವತ್ ನೆಮ್ಮದಿಯಾಗಿ ಮಲಗಿದ್ರೆ, ಇನ್ನೊಂದ್ ದಿನನಾದ್ರೂ ಮಲಗ್ತಾಳೆ. ದೊಡ್ಡೋರಿಗೆ ಅಲ್ಲೇ ಮರದ್ ಕೆಳಗೆ ಒಂದು ಚಾಪೆ ಹಾಕು. ನಮ್ ಬಾಡು ಬೆಂದೈತೆ, ಉಣ್ಣಾಕ್ ಕೊಡ್ತೀವಿ."

ವರ್ಷತೊಡಕಿನ ದಿನ ಜಗಳ ಆಡಿದರೆ ವರ್ಷವೆಲ್ಲ ಜಗಳ, ಅದು ರಾಯರಿಗೂ ಗೊತ್ತು. ಚಾಪೆ ಹಾಕಿಸಿದರು. ಸಾಹೇಬರು ಮೊದಲು ಮುಖ ಗಂಟು ಹಾಕಿಕೊಂಡು ಕೂತರು. ಜಯಮ್ಮನ ಗಂಡ ಎಲೆ ಹಾಕಿ ಬಡಿಸಿದ. ಎರಡನೆಯ ಸಲ ಮುದ್ದೆ ಹಾಕಿಸಿಕೊಳ್ಳುವ ಹೊತ್ತಿಗೆ ಗಂಟು ಸಡಿಲವಾಗಿತ್ತು. ಊಟವಾದ ಮೇಲೆ ಕರವಸ್ತ್ರ ಮುಖಕ್ಕೆ ಹಾಕಿಕೊಂಡು ಅಲ್ಲೇ ಬೇರಿಗೆ ತಲೆ ಕೊಟ್ಟು ಮಲಗಿ ಗೊರಕೆ ಹೊಡೆದರು. ಸಹಿ ಆಮೇಲೆ ಯಾವಾಗಲೋ ಬಂತು. ತೊಟ್ಟಿಲಿಗೆ ಕರೆಂಟೂ ಬಂತು. ಟವಲಿನ ಕಟ್ಟಳೆಯನ್ನು ತಾವು ಹೇಗೆ ದೊಡ್ಡವರ ಮುಂದೆಯೂ ಬಿಟ್ಟುಕೊಡಲಿಲ್ಲ ಅಂತ ರಾಯರು ಸಾಹುಕಾರರಿಗೆ ಬಣ್ಣಿಸಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ.

ನಂಜಮ್ಮ ಬಾಗಿಲು ಬಿಟ್ಟು ಏಳಲಿಲ್ಲ. ಊಟ ಅಲ್ಲಿಗೇ ತರಿಸಿಕೊಂಡರು. ಚೆಂಡು ಹಿಡಿಯಲು ಓಡಿ ಬಂದ ಹುಡುಗರನ್ನು ಕಣ್ಣಲ್ಲೇ ಗದರಿದರು. ಪಕ್ಕದವರ ಟ್ರಾನ್ಸಿಸ್ಟರಿನ ಕಿವಿ ಹಿಂಡಿಸಿದರು.

ಹೊತ್ತು ಇಳಿಯುವಾಗ ಒಳಗೆ ಬಳೆ ಸದ್ದಾಯಿತು. ನಂಜಮ್ಮ ಥಟ್ಟನೆ ಎದ್ದು, ನನ್ನ ಕಡೆ ಬೆರಳು ತೋರಿಸಿ, ಬಾಯಿ ಬಿಡಬೇಡ ಅಂತ ಸನ್ನೆ ಮಾಡಿ, ಹತ್ತು ಹೆಜ್ಜೆ ಆಚೆ ಹೋಗಿ ಮರದ ಹತ್ತಿರ ನಿಂತರು. ಜಯಮ್ಮ ತಡಿಕೆ ಸರಿಸಿ ಕಣ್ಣುಜ್ಜುತ್ತಾ ಬಂದಳು. ಕೆನ್ನೆಯ ಮೇಲೆ ಚಾಪೆಯ ಗೆರೆ. ಬಿಸಿಲು ಇಳಿದದ್ದು ನೋಡಿ ಗಾಬರಿಯಾದಳು. "ಅಯ್ಯೋ, ನಮ್ಮತ್ತೆ ಎಲ್ಲಿ? ಏನಂದ್ಕೊಂಡ್ರೋ."

"ಎಷ್ಟೊತ್ತು ಮಲಗ್ತೀಯೇ? ಮಕ್ಕಳು ಉಂಡ್ವೋ ಬಿಟ್ವೋ ಅಂತಾದ್ರೂ ಬ್ಯಾಡ್ವಾ?" ಅಂತ ಆ ಕಡೆಯಿಂದ ದನಿ ಬಂತು, ಬೆಳಗಿನಷ್ಟೇ ಗಟ್ಟಿಯಾಗಿ. ಜಯಮ್ಮ ತಲೆ ತಗ್ಗಿಸಿಕೊಂಡು ಪಾತ್ರೆ ಗಂಟು ಕಟ್ಟಲು ಕೂತಳು. ಆದರೆ ಅವಳ ಕಣ್ಣ ಕೆಳಗಿನ ಕಪ್ಪು ಅರ್ಧಕ್ಕರ್ಧ ಇಳಿದಿತ್ತು.

ರಸ್ತೆಯಲ್ಲಿ ಬೆಂಗಳೂರಿನ ಬಸ್ಸು ಬಂದು ನಿಂತಿತು. ಗಂಡ ಮಕ್ಕಳನ್ನು ಎತ್ತಿಕೊಂಡು ಓಡಿದ. ನಂಜಮ್ಮ ಟವಲ್ ತೆಗೆದು ಕೊಡಲು ನನ್ನ ಹತ್ತಿರ ಬಂದರು. ಕೈ ಟವಲಿನ ಮೇಲೆ ಇಟ್ಟವರು ಎಳೆಯಲಿಲ್ಲ. ಪಡುವಣದ ಕಡೆ ತಿರುಗಿ ನೋಡಿದರು.

"ಇನ್ನೂ ಹೊತ್ತು ಮುಳುಗಿಲ್ಲ ಅಲ್ವೇನವ್ವಾ?" ಅಂದರು.

"ಇಲ್ಲಮ್ಮ, ಇನ್ನೂ ಇದೆ."

"ಹಂಗಾದ್ರೆ ವರ್ಷತೊಡಕು ಇನ್ನೂ ಮುಗಿದಿಲ್ಲ," ಅಂದರು. ಒಳಗೆ ಹೋದರು. ಸೊಸೆ ಮಲಗಿ ಎದ್ದ ಚಾಪೆಯ ಮೇಲೆ ಸೊಂಟಕ್ಕೆ ಕೈ ಕೊಟ್ಟು ಮೆಲ್ಲಗೆ ಒರಗಿದರು. ಕೈ ಚಾಚಿ ತಡಿಕೆಯನ್ನು ಎಳೆದುಕೊಂಡರು.

ಬಸ್ಸು ಹಾರ್ನ್ ಮಾಡಿತು. ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗಿದ. ಜಯಮ್ಮ ಗಂಟು ಹೊತ್ತುಕೊಂಡು ಬಂದು, ಮುಚ್ಚಿದ ತಡಿಕೆಯನ್ನು ನೋಡಿ, ನನ್ನ ಮುಖ ನೋಡಿದಳು. ಮತ್ತೆ ತಡಿಕೆಯ ಕಡೆ ನೋಡಿದಳು. ಆಮೇಲೆ ಗಂಟನ್ನು ಸದ್ದಾಗದ ಹಾಗೆ ಕೆಳಗಿಳಿಸಿ, ಬಸ್ಸಿನ ಹತ್ತಿರ ನಿಂತಿದ್ದ ಗಂಡನಿಗೆ ವಾಪಸು ಬಾ ಅಂತ ಸನ್ನೆ ಮಾಡಿ, ರಸ್ತೆಯ ಕಡೆ ಕೈ ಎತ್ತಿ, ಹೋಗಿ ಹೋಗಿ ಅಂತ ಬಸ್ಸನ್ನು ಕಳಿಸಿಬಿಟ್ಟಳು.